ಒಂದು ಚೀಲ ಜಾಸ್ತಿ

ಹಿರಿಮಗ ತೀರಿಕೊಂಡ ಮರುವರ್ಷ ಅತ್ತೆ ಹೊಲದ ನಡುವೆ ಹಗ್ಗ ಹಿಡಿಸಿ ಸಮಪಾಲು ಮಾಡಿಸಿದಳು. ಒಂದು ಹಿರಿಸೊಸೆಗೆ, ಒಂದು ಕಿರಿಮಗನಿಗೆ.

"ಯಾರ ಪಾಲಲ್ಲಿ ಜೋಳ ಒಂದು ಚೀಲ ಜಾಸ್ತಿ ಬರುತ್ತೋ, ಮುಂದಿನ ಬಿತ್ತನೆಯಿಂದ ಇಡೀ ಹೊಲ ಅವರದು. ಇನ್ನೊಬ್ಬರು ತೆಪ್ಪಗೆ ಮನೆ ನೋಡ್ಕೋಬೇಕು."

ಸೊಸೆ ಒಪ್ಪಿದಳು. ಗಂಡ ಹಾಸಿಗೆ ಹಿಡಿದ ಆರು ವರ್ಷ ಆ ಹೊಲವನ್ನು ಉಳಿಸಿದ್ದು ಅವಳೇ. ಹೊಲ ಕೈಬಿಟ್ಟರೆ ಆ ಮನೆಯಲ್ಲಿ ಅವಳೂ ಅವಳ ಮಗಳೂ ಬರೀ ಎರಡು ಹೊಟ್ಟೆ.

ತನ್ನ ಪಾಲಿಗೆ ಅವಳು ಒಂದೇ ಚೀಲ ಯೂರಿಯಾ ಹಾಕಿದಳು. ಅರ್ಧ ಬಿತ್ತುವಾಗ, ಇನ್ನರ್ಧ ಪೈರು ಮೊಣಕಾಲುದ್ದ ಬಂದಾಗ, ನೆಲ ಹಸಿಯಿದ್ದ ದಿನ ನೋಡಿ, ಸಾಲಿನ ಬುಡಕ್ಕೆ ಸುರಿದು ಬೆರಳಲ್ಲಿ ಮಣ್ಣು ಮುಚ್ಚಿ. ಹಿಂದೆ ಕೆಲವು ಸಾಲಿಗೆ ಏನೂ ಹಾಕದೆ, ಕೆಲವಕ್ಕೆ ಕಡಿಮೆ, ಕೆಲವಕ್ಕೆ ಹೆಚ್ಚು ಹಾಕಿ ತೂಗಿ ನೋಡಿದ್ದವಳು. ಮೊದಲ ಚೀಲಕ್ಕೆ ತೆನೆ ತುಂಬುತ್ತಿತ್ತು. ಆಮೇಲೆ ಸುರಿದದ್ದು ಉಂಡವನಿಗೇ ಬಡಿಸಿದ ಹಾಗೆ.

ಮೈದುನ ಮೂರು ಚೀಲ ಎರಚಿದ. ಅವನ ಪೈರು ಕಪ್ಪಿಗೆ ತಿರುಗುವಷ್ಟು ಹಸಿರಾಯಿತು.

"ಅತ್ತಿಗೆ, ನಿಮ್ಮ ಜೋಳಕ್ಕೇನು ಕಾಮಾಲೆನಾ?"

"ಹಸಿರಾಗಿರೋದೆಲ್ಲ ಕಾಳಲ್ಲಪ್ಪ."

ಕಣದಲ್ಲಿ ಅತ್ತೆ ಸ್ಟೂಲ್ ಹಾಕಿಕೊಂಡು ಕೂತು ಎಣಿಸಿದಳು. ಸೊಸೆಯದು ಹತ್ತೊಂಬತ್ತು, ಮಗನದು ಇಪ್ಪತ್ತು. ಇಪ್ಪತ್ತನೆಯದರ ಬಾಯನ್ನು ತಾನೇ ದಬ್ಬಳ ಹಿಡಿದು ಹೊಲಿದಳು.

"ಅತ್ತೆ, ಅವನು ಜಾಸ್ತಿ ಸುರಿದ ಎರಡು ಚೀಲ ಯೂರಿಯಾ, ಅದರಿಂದ ಬಿದ್ದ ಹುಳಕ್ಕೆ ಹೊಡೆದ ಎಣ್ಣೆ, ಆಳಿನ ಕೂಲಿ, ಇಷ್ಟಕ್ಕೇ ಎರಡು ಚೀಲ ಜೋಳ ಮಾರಬೇಕು. ಒಂದು ಬಂತು, ಎರಡು ಹೋಯ್ತು."

"ಎಷ್ಟು ಬಂತು ಅಂತ ಕೇಳಿದ್ದು ನಾನು. ಎಷ್ಟು ಹೋಯ್ತು ಅಂತಲ್ಲ." ಅತ್ತೆ ದಾರವನ್ನು ಹಲ್ಲಲ್ಲಿ ಕಡಿದಳು. "ನನ್ನ ಮಗನಿಗೂ ಹೀಗೇ ಅಳೆದು ಅಳೆದು ಔಷಧಿ ಕುಡಿಸಿದೆಯಲ್ಲ. ಬದುಕಿದನಾ?"

ಮೈದುನ ತಲೆ ತಗ್ಗಿಸಿದ, ಆದರೆ ನಗು ತಡೆಯಲಾಗಲಿಲ್ಲ. ಸೊಸೆ ಮೈಮೇಲಿನ ಹೊಟ್ಟು ಕೊಡವಿಕೊಂಡು ಅಡುಗೆಮನೆಗೆ ನಡೆದಳು. ಆಮೇಲೆ ಹೊಲದ ಕಡೆ ತಿರುಗಿ ನೋಡಲಿಲ್ಲ.

ಮುಂದಿನ ಬಿತ್ತನೆಯ ಹೊತ್ತಿಗೆ ಮೈದುನ ಅಡುಗೆಮನೆ ಬಾಗಿಲಲ್ಲಿ ಬಂದು ನಿಂತ. ಒಳಗೆ ಅವಳ ಮಗಳು ಊಟಕ್ಕೆ ಕೂತಿದ್ದಳು.

"ಅತ್ತಿಗೆ, ಹೋದ ಸಲ ಕೊನೇಲಿ ನಾಲ್ಕಾರು ಸಾಲು ದಂಟು ಮಲಗಿಬಿಟ್ಟಿತ್ತು. ಈ ಸಲ ಇಡೀ ಹೊಲ. ಯೂರಿಯಾ ಎಷ್ಟು ಹಾಕಲಿ? ಕೇಳಿದ್ದು ಅಮ್ಮನಿಗೆ ಗೊತ್ತಾಗೋದು ಬೇಡ."

ಅವಳು ತಿಕ್ಕುತ್ತಿದ್ದ ಪಾತ್ರೆಯನ್ನು ಕೆಳಗಿಟ್ಟಳು. ಇಡೀ ಹೊಲಕ್ಕೆ ಎರಡು ಚೀಲ ಸಾಕು. ಹೆಚ್ಚಾದರೆ ದಂಟು ಉದ್ದಕ್ಕೆ ಬೆಳೆದು, ತೆನೆ ಬಲಿಯುವ ಮೊದಲೇ ಒಂದು ಗಾಳಿಗೆ ಚಾಪೆಯಂತೆ ಮಲಗುತ್ತದೆ. ಇದು ಅವಳಿಗೆ ತನ್ನ ಕೈಬೆರಳಿನಷ್ಟು ಗೊತ್ತು.

"ಮೂರಕ್ಕೆ ಇಪ್ಪತ್ತು ಬಂತಲ್ಲ. ಈ ಸಲ ಹತ್ತು ಹಾಕು."

"ಹತ್ತಾ? ಮಲಗಲ್ವಾ?"

"ಹೋದ ಸಲ ಗೊಬ್ಬರ ಸಾಲದೆ ಮಲಗಿದ್ದು ಅದು."

ಅವನು ನಂಬಿದ. ಹೊಲದ ವಿಷಯದಲ್ಲಿ ಅತ್ತಿಗೆ ಎಂದೂ ಸುಳ್ಳು ಹೇಳಿದವಳಲ್ಲ.

ಅವನು ಹೋದ ಮೇಲೆ ಮಗಳು ತಟ್ಟೆ ಮುಂದೆ ಚಾಚಿದಳು. "ಅಮ್ಮ, ಇನ್ನೊಂದು ಸ್ವಲ್ಪ."

ಅವಳು ಅರ್ಧ ಸೌಟು ಬಡಿಸಿ ಪಾತ್ರೆಯ ಮುಚ್ಚಳ ಮುಚ್ಚಿದಳು.

"ಸಾಕು. ಇವತ್ತಿಂದಾನೇ ಕಡಿಮೆ ತಿನ್ನೋದು ಕಲಿ."