ಆಯ್ಕೆ ಸಮಿತಿಯಲ್ಲಿ ಮಗಳು

ಅಪ್ಪ ಮಗಳು ಒಂದೇ ಕಾಲೇಜಿನಲ್ಲಿ ಓದುವುದೆಂದರೆ ಯಾರಿಗಾದರೂ ನಗು ಬರುವ ಸಂಗತಿಯೇ. ಪುಟ್ಟಿಗೆ ಮಾತ್ರ ಬರಲಿಲ್ಲ. ಪುಟ್ಟಿ ಎನ್ನುವುದು ಮನೆಯ ಹೆಸರು. ಆಳೆತ್ತರ ಬೆಳೆದು ಚಿತ್ರಕಲಾ ಪದವಿಯ ಕೊನೆಯ ವರ್ಷಕ್ಕೆ ಬಂದಿದ್ದರೂ ಅಪ್ಪನ ಬಾಯಲ್ಲಿ ಅವಳು ಪುಟ್ಟಿಯೇ. ಆ ಅಪ್ಪನೋ, ಜೀವಮಾನವೆಲ್ಲ ಸಿಟಿ ಬಸ್ಸು ಓಡಿಸಿ, ನಿವೃತ್ತನಾದ ಮೇಲೆ ಮನೆಯಲ್ಲಿ ಸುಮ್ಮನೆ ಕೂರಲಾರದೆ, ಯಾರಿಗೂ ಹೇಳದೆ ಪ್ರವೇಶ ಪರೀಕ್ಷೆ ಬರೆದು, ಅದೇ ಕಾಲೇಜಿನ ಮೊದಲ ವರ್ಷಕ್ಕೆ ಸೇರಿಕೊಂಡುಬಿಟ್ಟಿದ್ದ.

ಸುದ್ದಿ ಗೊತ್ತಾದಾಗ ಪುಟ್ಟಿ ಗಾಬರಿಬಿದ್ದಳು. ಯಾಕೆಂದರೆ ತಾನು ಸೇರಿದ ದಿನದಿಂದಲೂ ಗೆಳತಿಯರ ಮುಂದೆ "ನಮ್ಮಪ್ಪ ಸಾರಿಗೆ ಇಲಾಖೆಯಲ್ಲಿದಾರೆ" ಎಂದು ಹೇಳಿಕೊಂಡು ಬಂದಿದ್ದಳು. ಪೂರ್ತಿ ಸುಳ್ಳೇನಲ್ಲ. ಆದರೆ ಕೇಳಿದವರು ದೊಡ್ಡ ಮೇಜು, ತಿರುಗುವ ಕುರ್ಚಿ, ಆಫೀಸಿನ ಕಾರು ಎಲ್ಲವನ್ನೂ ತಾವೇ ಕಲ್ಪಿಸಿಕೊಂಡಾಗ ಇವಳು ಬಾಯಿಗೆ ಬೀಗ ಹಾಕಿಕೊಂಡಿದ್ದಳು.

"ಅಪ್ಪಾ, ಕಾಲೇಜಲ್ಲಿ ನಾವಿಬ್ರೂ ಗೊತ್ತಿಲ್ಲದೋರ ಥರ ಇರೋಣ" ಎಂದು ನೆಲ ನೋಡುತ್ತ ಹೇಳಿದಳು.

"ಅದಕ್ಕೇನಂತೆ? ಡ್ಯೂಟಿ ಮೇಲಿದ್ದಾಗ ನಾನೂ ನೆಂಟರನ್ನ ಕಂಡು ಕೈ ಬೀಸ್ತಿರಲಿಲ್ಲ" ಎಂದು ಅಪ್ಪ ನಕ್ಕುಬಿಟ್ಟ. ಎರಡು ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ಅವನದು ಮಾತು ಕೊಟ್ಟರೆ ಕೊಟ್ಟದ್ದೇ. ಹುಡುಗರು ಅವನಿಗೆ ಡ್ರೈವರ್ ತಾತ ಎಂದು ಹೆಸರಿಟ್ಟರು. ಅವನು ಸ್ಟುಡಿಯೋಗೆ ಕಾಲಿಟ್ಟರೆ ಸಾಕು, "ರೈಟ್ ರೈಟ್" ಎಂದು ಕೂಗುತ್ತಿದ್ದರು. ಅವನೂ ಇಲ್ಲದ ಸ್ಟೇರಿಂಗು ತಿರುಗಿಸಿ ಎಲ್ಲರನ್ನೂ ನಗಿಸುತ್ತಿದ್ದ. ಮೆಟ್ಟಿಲ ಮೇಲೆ ಮಗಳು ಎದುರಾದರೆ ಗೋಡೆಯ ಕಡೆ ಸರಿದು ದಾರಿ ಬಿಡುತ್ತಿದ್ದ, ಅಷ್ಟೇ.

ವಾರ್ಷಿಕ ಪ್ರದರ್ಶನ ಹತ್ತಿರ ಬಂತು. ಚಿತ್ರಗಳ ಆಯ್ಕೆಗೆ ಮೇಷ್ಟ್ರ ಜೊತೆ ಕೊನೆಯ ವರ್ಷದ ಐವರು ಕೂರುವುದು ಅಲ್ಲಿನ ಪದ್ಧತಿ. ಹೆಸರು ಕಾಣದಂತೆ ಕಾಗದ ಅಂಟಿಸಿ, ಒಂದೊಂದೇ ಚಿತ್ರವನ್ನು ಈಸೆಲ್ ಮೇಲಿಡುತ್ತಾರೆ. ಬೇಕೆಂದವರು ಕೈ ಎತ್ತಬೇಕು. ಪುಟ್ಟಿ ಆ ಐವರಲ್ಲಿ ಒಬ್ಬಳು. ಅಂದು ಬೆಳಗ್ಗೆ ಶೂ ಹಾಕಿಕೊಳ್ಳುತ್ತ ಅಪ್ಪ, "ನಾನೂ ಒಂದು ಕೊಟ್ಟಿದೀನಿ. ಯಾವುದು ಅಂತ ಹೇಳಲ್ಲ, ನಿನಗೆ ಧರ್ಮಸಂಕಟ ಬೇಡ" ಎಂದಿದ್ದ.

ಹೇಳುವುದೇನು ಬಂತು! ಆ ಚಿತ್ರ ಈಸೆಲ್ ಏರಿದ ಕೂಡಲೇ ಅವಳಿಗೆ ಗೊತ್ತಾಗಿಹೋಯಿತು. ಮನೆಯ ಅಡುಗೆಮನೆ ಮೇಜು, ಅದರ ಮೇಲೆ ಹಿಂಡಿ ಬಿಸಾಕಿದ ಬಣ್ಣದ ಟ್ಯೂಬುಗಳು, ಡ್ರಾಯಿಂಗ್ ಬೋರ್ಡಿಗೆ ಕೆನ್ನೆ ಕೊಟ್ಟು ಬಾಯಿ ತೆರೆದು ನಿದ್ದೆ ಹೋದ ಹುಡುಗಿ. ಪುಟ್ಟಿಯ ಎಡಹುಬ್ಬಿನ ಹಳೆಯ ಗಾಯದ ಗೆರೆಯನ್ನೂ ಬಿಟ್ಟಿರಲಿಲ್ಲ ಮಹಾರಾಯ.

"ಮೊದಲನೇ ವರ್ಷದವರದು. ಬೆಳಕು ಚೆನ್ನಾಗಿ ಕೂತಿದೆ ಅಲ್ವಾ?" ಎಂದರು ಮೇಷ್ಟ್ರು. ಆಗಲೇ ಎರಡು ಕೈ ಅರ್ಧಕ್ಕೆ ಎದ್ದಿದ್ದವು. ಅಷ್ಟರಲ್ಲಿ ಪಕ್ಕದ ಕುರ್ಚಿಯ ಗಡ್ಡದವನು ಕುತ್ತಿಗೆ ಚಾಚಿ, "ಈ ಹುಡುಗೀನ ಎಲ್ಲೋ ನೋಡಿದೀನಲ್ಲಪ್ಪಾ" ಎಂದ.

ಇನ್ನೊಂದು ಗಳಿಗೆ ಬಿಟ್ಟರೆ ಅವನು ಪಕ್ಕಕ್ಕೆ ತಿರುಗಿ ಇವಳ ಹುಬ್ಬು ನೋಡುತ್ತಾನೆ. ಚಿತ್ರ ಗೋಡೆ ಏರಿದರಂತೂ ಕೆಳಗೆ ಹೆಸರೂ ಬರುತ್ತದೆ. ಆಮೇಲೆ ಡ್ರೈವರ್ ತಾತನ ಮಗಳು ಯಾರೆಂದು ಊರಿಗೆಲ್ಲ ಡಂಗುರ. ಪುಟ್ಟಿಯ ನಾಲಿಗೆ ಅವಳಿಗಿಂತ ಮುಂಚೆ ಓಡಿತು.

"ನೋಡಿರ್ತೀಯ, ಶವಾಗಾರದಲ್ಲಿ! ಇದು ನಿದ್ದೆ ಅಲ್ಲ ಸಾರ್, ಹೆಣ."

ಎಲ್ಲರೂ ಗೊಳ್ಳೆಂದು ನಕ್ಕರು. ಮೇಷ್ಟ್ರೂ ನಕ್ಕರು. ಒಮ್ಮೆ ಹೆಣವೆಂದ ಮೇಲೆ ಆ ಮುಖ ಯಾರ ಕಣ್ಣಿಗೂ ಮತ್ತೆ ನಿದ್ದೆಯ ಮುಖವಾಗಿ ಕಾಣಲಿಲ್ಲ. ಎದ್ದ ಕೈಗಳು ಇಳಿದವು. ಅವಳಂತೂ ತನ್ನ ಕೈಯನ್ನು ತೊಡೆಯ ಕೆಳಗೆ ತೂರಿಸಿಕೊಂಡು ಕೂತಿದ್ದಳು.

ಇಂಥ ಮಾತು ಹಬ್ಬಲು ಎಷ್ಟು ಹೊತ್ತು ಬೇಕು? ಮಾರನೆಯ ದಿನ ಕ್ಯಾಂಟೀನಿನಲ್ಲಿ ಹುಡುಗರು ಬೆಂಚಿನ ಮೇಲೆ ಬಾಯಿ ತೆರೆದು ಬಿದ್ದುಕೊಂಡು "ನಾನು ಹೆಣ, ನಾನು ಹೆಣ" ಎಂದು ಆಟ ಕಟ್ಟುತ್ತಿದ್ದರು. ಅದೇ ಹೊತ್ತಿಗೆ ಅಪ್ಪ ಚಿತ್ರವನ್ನು ವಾಪಸು ಪಡೆದು, ಅದರ ಮುಖ ತನ್ನ ಕಡೆಗಿರುವಂತೆ ಎರಡೂ ಕೈಯಲ್ಲಿ ಹಿಡಿದು, ಅವರ ನಡುವೆಯೇ ಹೊರಗೆ ಹೊರಟಿದ್ದ. ಸ್ಪ್ರಿಂಗಿನ ಬಾಗಿಲು, ತಳ್ಳಲು ಕೈ ಖಾಲಿಯಿಲ್ಲ. ಬಾಗಿಲ ಪಕ್ಕದ ಮೇಜಿನಲ್ಲೇ ಪುಟ್ಟಿ ಕೂತಿದ್ದಳು. ಅಪ್ಪ ಅವಳತ್ತ ನೋಡಲಿಲ್ಲ. ಮಾತು ಕೊಟ್ಟಿದ್ದನಲ್ಲ! ಬಾಗಿಲಿಗೆ ಬೆನ್ನು ಕೊಟ್ಟು, ಚಿತ್ರಕ್ಕೆ ಏನೂ ತಗಲದಂತೆ, ಹಿಂದಹಿಂದಕ್ಕೆ ಹೆಜ್ಜೆಯಿಟ್ಟು ಹೊರಗೆ ಹೋದ. ಎದ್ದು ಬಾಗಿಲು ಹಿಡಿದಿದ್ದರೆ ಅವಳ ಗಂಟೇನು ಹೋಗುತ್ತಿತ್ತು? ಏಳಲಿಲ್ಲ. ಕಿವಿಯವರೆಗೂ ಬಿಸಿಯಾಗಿ, ತನ್ನ ಮೇಲೆ ತನಗೇ ಹೇಸಿಗೆ ಹುಟ್ಟಿ, ಆರಿದ ಕಾಫಿಯನ್ನು ಕುಡಿಯುತ್ತಲೇ ಇದ್ದಳು.

ಸಂಜೆ ಮನೆಗೆ ಬಂದರೆ ಅಮ್ಮ ಇರಲಿಲ್ಲ, ಚಿಕ್ಕಮ್ಮನ ಮನೆಗೆ ಹೋಗಿದ್ದಳು. ಅಪ್ಪ ಚಿತ್ರವನ್ನು ಕುರ್ಚಿಗೆ ಒರಗಿಸಿ ಎದುರಿಗೆ ಕೂತಿದ್ದ.

"ಆಯ್ಕೆ ಆಗಲಿಲ್ಲ ಅಂತ ಬೇಜಾರಾ ಅಪ್ಪ?"

"ಅಯ್ಯೋ, ಅದಕ್ಕೇನು ಬೇಜಾರು! ಮೊನ್ನೆ ಮೊನ್ನೆ ಬ್ರಷ್ ಹಿಡಿದೋನು ನಾನು. ಚೆನ್ನಾಗಿಲ್ಲ ಅನ್ಲಿ, ಕಸಕ್ಕೆ ಹಾಕು ಅನ್ಲಿ. ಆದ್ರೆ ಯಾರೋ ಹೆಣ ಅಂದ್ರಂತೆ ಪುಟ್ಟೀ. ಬದುಕಿ ಬಾಳಬೇಕಾದ ಮಗು. ಅವರಿಗೇನು ಗೊತ್ತು ಪಾಪ, ಅದು ನನ್ನ ಮಗಳು ಅಂತ. ಆದ್ರೂ ಕೇಳಿದಾಗಿಂದ ಮನಸ್ಸು ತಡೀತಿಲ್ಲ." ಅವನು ಅವಳತ್ತ ತಿರುಗಿದ. "ಬಿಡ್ತು ಅನ್ನು."

ಅವಳು ಚಿಕ್ಕವಳಿದ್ದಾಗ ಬಾಯಿ ತಪ್ಪಿ ಕೆಟ್ಟ ಮಾತು ಬಂದರೆ ಹೀಗೆಯೇ ಹಿಡಿದು ನಿಲ್ಲಿಸಿ ಅನ್ನಿಸುತ್ತಿದ್ದ.

"ಬಿಡ್ತು" ಎಂದಳು.

ಅಪ್ಪನಿಗೆ ಸಮಾಧಾನವಾಗಲಿಲ್ಲ. "ನೀನಂದ್ರೆ ಏನು ಬಂತು? ಅಂದವರ ಬಾಯಲ್ಲೇ ಬರಬೇಕು. ನೀನೂ ಅಲ್ಲೇ ಇದ್ಯಲ್ಲ, ಯಾರು ಅಂತ ಗೊತ್ತಿರುತ್ತೆ. ನಾಳೆ ಒಂದು ಸಲ ಅನ್ನಿಸಿಬಿಡು. ಜಗಳ ಆಡಬೇಡ ಮತ್ತೆ."

ಪುಟ್ಟಿ ಚಿತ್ರದ ಪಕ್ಕ ನೆಲದ ಮೇಲೆ ಕೂತಳು. ನಾಚಿಕೆಯಿಂದ ಸಾಯುವುದು ಎಂದು ಜನ ಸುಮ್ಮಸುಮ್ಮನೆ ಹೇಳುತ್ತಾರೆ. ಹಾಗೆ ಸಾಯುವಂತಿದ್ದರೆ ಅವಳು ಆ ನೆಲದ ಮೇಲೇ ಸತ್ತಿರುತ್ತಿದ್ದಳು.

"ಅಂದವರ ಬಾಯಲ್ಲೇ ಬಂತು ಅಪ್ಪ" ಎಂದಳು.

ಅಪ್ಪನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅವಳ ಮುಖ ನೋಡಿದ, ಚಿತ್ರ ನೋಡಿದ, ಮತ್ತೆ ಅವಳ ಮುಖ ನೋಡಿದ. ಬೈಯಲಿಲ್ಲ.

"ಅಷ್ಟೊಂದು ಕೆಟ್ಟದಾಗಿತ್ತೇನೇ?" ಎಂದು ಮೆಲ್ಲಗೆ ಕೇಳಿದ.

"ಇಲ್ಲ ಅಪ್ಪ." ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. "ಯಾರು ನೋಡಿದ್ರೂ ನಾನೇ ಅಂತ ಗುರುತು ಹಿಡಿಯೋ ಹಾಗಿತ್ತು."