ಹಲ್ಲು ಸವೆದ ಜಿಂಕೆ

ನಾನು ದನದ ಡಾಕ್ಟ್ರು, ಊರು ತಿಪಟೂರು. ನಮ್ಮ ಮನೆಯ ಅಟ್ಟಕ್ಕೆ ಏರಿಸಿದ ಕಾಯಿ ಕೊಬ್ಬರಿಯಾಗಿ ಇಳಿಯಲು ಹತ್ತು ಹನ್ನೊಂದು ತಿಂಗಳು ಬೇಕು. ಕಾಯಿ ಏರಿಸುವಾಗ ಅಲ್ಲಿ ಕಣ್ಣುಬಿಟ್ಟ ಇಲಿಮರಿ ಕೊಬ್ಬರಿ ಇಳಿಸುವ ಹೊತ್ತಿಗೆ ಸಾಮಾನ್ಯವಾಗಿ ಇರುವುದಿಲ್ಲ. ಬೆಕ್ಕೋ ಹಾವೋ ಅದರ ಕತೆ ಮುಗಿಸಿರುತ್ತದೆ. ಆದರೆ ಕಾಲೇಜಿನಲ್ಲಿ ನಾನು ಪಂಜರದಲ್ಲಿಟ್ಟಿದ್ದ ಬಿಳಿ ಇಲಿ ಮೂರು ವರ್ಷ ಬದುಕಿತ್ತು. ಪ್ರಾಣಿಗಳ ಆಯಸ್ಸಿನ ವಿಚಾರ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ಜಂಬ ಅಂದಿನಿಂದಲೂ ಇತ್ತು.

೧೯೯೮ರ ಬೇಸಿಗೆಯಲ್ಲಿ ಅರಣ್ಯ ಇಲಾಖೆಯ ಶಂಭುಲಿಂಗಯ್ಯ ನನ್ನನ್ನು ಹುಳಿಯಾರಿನ ಆಚೆಯ ಒಂದು ಗೊಲ್ಲರಹಟ್ಟಿಗೆ ಜೀಪಿನಲ್ಲಿ ಕರೆದೊಯ್ದರು. ಅಲ್ಲಿ ಮೇಕೆ ಸಾಕುವ ಕಾಟಮ್ಮ ಒಂದು ಜಿಂಕೆ ಇಟ್ಟುಕೊಂಡಿದ್ದಳು. ಅದು ಕಾನೂನಿಗೆ ವಿರುದ್ಧ. ಆರೋಗ್ಯ ಸರಿಯಿದೆ ಎಂದು ನಾನು ಬರೆದುಕೊಟ್ಟರೆ ಅಂದೇ ಕಾಡಿಗೆ ಬಿಡುವುದು, ಅಷ್ಟೇ. ಐದು ನಿಮಿಷದ ಕೆಲಸಕ್ಕೆ ಈ ಸುಡುಬಿಸಿಲಲ್ಲಿ ಬರಬೇಕಾಯಿತಲ್ಲ ಎಂದು ನನಗೆ ಆಗಲೇ ಸಿಟ್ಟು.

ರೊಪ್ಪದ ಬೇಲಿಯೊಳಗೆ, ಮೇಕೆಗಳ ನಡುವೆ ಆ ಹೆಣ್ಣು ಜಿಂಕೆ ಮಲಗಿತ್ತು. ಕಾಟಮ್ಮ ಅಡ್ಡ ನಿಂತಳು.

“ಇವ್ಳನ್ನ ಕಾಡಿಗೆ ಬುಟ್ರೆ ಸತ್ತೋಯ್ತಾಳೆ ಕಣ್ರೀ. ಬೇಕಾದ್ರೆ ನನ್ನೇ ಎಳ್ಕೊಂಡೋಗಿ.”

“ಕಾಡಿನ ಪ್ರಾಣಿ ಕಾಡಲ್ಲಿ ಸಾಯುತ್ತೇನಮ್ಮ? ಸರ್ಕೋ ಅತ್ಲಾಗೆ,” ಎಂದು ರೇಗಿ, ಜಿಂಕೆಯ ಬಾಯಿ ಬಿಡಿಸಿದೆ.

ಮುಂಹಲ್ಲು ಎರಡೇ ಉಳಿದಿದ್ದವು. ದವಡೆ ಹಲ್ಲುಗಳು ಸವೆದು ವಸಡಿನ ಮಟ್ಟಕ್ಕೆ ಇಳಿದಿದ್ದವು. ಕಾಡಿನಲ್ಲಿ ಜಿಂಕೆ ಹತ್ತು ಹನ್ನೆರಡು ವರ್ಷ ದಾಟುವುದೇ ಅಪರೂಪ. ಚಿರತೆಯಿಂದ ತಪ್ಪಿಸಿಕೊಂಡರೂ, ಹಲ್ಲು ಹೋದ ಮೇಲೆ ಹುಲ್ಲು ಅಗಿಯಲಾರದೆ ಹಸಿದು ಸಾಯುತ್ತದೆ. ಇಂಥ ಬಾಯಿಯ ಜಿಂಕೆ ಉಸಿರಾಡುವುದನ್ನು ನಾನು ಕಂಡೇ ಇರಲಿಲ್ಲ.

“ಎಷ್ಟು ವರ್ಷ ಇದಕ್ಕೆ?”

“ನಮ್ ಮಗ್ಳು ವನಜಾ ಹುಟ್ಟಿದ್ ವರ್ಸ ಸಿಕ್ಕಿದ್ ಮರಿ. ತಾಯಿ ಸತ್ ಬಿದ್ದಿತ್ತು.”

ಗುಡಿಸಲ ಬಾಗಿಲಲ್ಲಿ ಕೂಸನ್ನು ಕಂಕುಳಲ್ಲಿಟ್ಟುಕೊಂಡು ನಿಂತಿದ್ದವಳೇ ವನಜಾ. ಕೇಳಿದರೆ ಅವಳಿಗೆ ಹತ್ತೊಂಬತ್ತು ವರ್ಷ! ನಾನು ಮೇಕೆ ಹಿಕ್ಕೆಯ ಮೇಲೆಯೇ ಕೂತುಬಿಟ್ಟೆ.

“ಹಲ್ಲು ಸವೆದು ಎಷ್ಟು ಕಾಲವಾಯ್ತು?”

“ಒಂಬತ್ ವರ್ಸ. ಹಲ್ಲು ಸವೆದ ಮೇಕೆ ಇನ್ನೊಂದೇ ವರ್ಸ ಅಂತ ನಮ್ ಹಟ್ಟಿ ಲೆಕ್ಕ. ಇವ್ಳೂ ಹಂಗೇ ಅಂದ್ಕಂಡೆ. ಹೋಗೋ ಜೀವ, ಇದೊಂದ್ ವರ್ಸ ಚೆನ್ನಾಗ್ ನೋಡ್ಕಳಣ ಅಂತ ದಿನಾ ರಾಗಿ ಅಂಬಲಿ ಕುಡಿಸ್ದೆ, ಸೊಪ್ಪು ಕುಟ್ಟಿ ತಿನ್ನಿಸ್ದೆ. ಯುಗಾದಿ ಬಂತು, ಹೋಗ್ಲಿಲ್ಲ. ಸರಿ, ಬರೋ ಯುಗಾದಿಗೆ ಹೋಯ್ತಾಳೆ ಅಂದ್ಕಂಡೆ.” ಅವಳು ನಾಚಿಕೊಂಡಳು. “ಪ್ರತಿ ವರ್ಸಾನೂ ನನ್ ಲೆಕ್ಕ ತಪ್ಪೋಯ್ತು.”

ಇದೊಂದೇ ವರ್ಷ ಎಂಬ ಅವಳ ತಪ್ಪು ಲೆಕ್ಕವೇ ಜಿಂಕೆಗೆ ಒಂಬತ್ತು ವರ್ಷದ ಆಯಸ್ಸಾಗಿತ್ತು. ಅವಳ ಜಾಗದಲ್ಲಿ ಓದಿದವನಾದ ನಾನಿದ್ದರೆ, ಆಸೆಯಿಲ್ಲ ಎಂದು ಮೊದಲ ವರ್ಷವೇ ಕೈಬಿಡುತ್ತಿದ್ದೆ. ನಿಜ ಹೇಳಬೇಕೆಂದರೆ, ನನ್ನ ಬಿಳಿ ಇಲಿಗೂ ತಪ್ಪದೆ ಕಾಳು ಹಾಕಿದವನು ಕಾಲೇಜಿನ ಜವಾನ ಕೆಂಚಯ್ಯ.

ಕಾಡಿಗೆ ಬಿಡುವ ಸ್ಥಿತಿಯಲ್ಲಿಲ್ಲ ಎಂದು ಬರೆದುಕೊಟ್ಟೆ. ಶಂಭುಲಿಂಗಯ್ಯ ಓದಿ, “ಕಾಡಿಗೆ ಬಿಡಲ್ಲ ಕಣಮ್ಮ. ಆದ್ರೆ ಇಲ್ಲೂ ಬಿಡಕಾಗಲ್ಲ, ಮೃಗಾಲಯಕ್ಕೆ ಕಳಿಸ್ತೀವಿ,” ಎಂದರು. ಕೇಸು ಹಾಕದೆ ಬಿಟ್ಟದ್ದೇ ಅವರ ಕೈಲಾದ ಉಪಕಾರ.

ಕಾಟಮ್ಮ ಅಳಲಿಲ್ಲ. ಅಂಬಲಿ ಎಷ್ಟು ತೆಳ್ಳಗಿರಬೇಕು, ಯಾವ ಸೊಪ್ಪು ಕುಟ್ಟಬೇಕು ಎಂಬುದನ್ನು ಎರಡೆರಡು ಸಲ ಹೇಳಿ ನನ್ನಿಂದ ಬರೆಸಿದಳು. ಜಿಂಕೆಯನ್ನು ಹತ್ತಿಸಿಕೊಂಡು ಜೀಪು ಹೊರಟಾಗ ಓಡಿಬಂದು ನನ್ನ ಕೈ ಹಿಡಿದುಕೊಂಡಳು.

“ಒಂಬತ್ ವರ್ಸದಿಂದ ಹಿಂಗೇ ಅವ್ಳೆ ಅಂತ ಅಲ್ಲಿ ಹೇಳ್ಬೇಡಿ ಡಾಕ್ಟ್ರೇ. ಈ ವರ್ಸ ಹೋಯ್ತಾಳೆ ಅನ್ನಿ. ಆಗ ಚೆನ್ನಾಗ್ ನೋಡ್ಕತಾರೆ.”

ಹಾಗೆಯೇ ಬರೆದು ಕಳಿಸಿದೆ. ಮುಂದಿನ ಯುಗಾದಿ ಕಳೆದ ಮೇಲೆ ಮೃಗಾಲಯದಿಂದ ಕಾಗದ ಬಂತು: ಜಿಂಕೆ ಇನ್ನೂ ಇದೆ, ಅಂಬಲಿ ಮುಂದುವರಿಸುವುದೋ ಹೇಗೆ?

ಮುಂದುವರಿಸಿ, ಈ ವರ್ಷ ಹೋಗುತ್ತದೆ ಎಂದು ಉತ್ತರ ಬರೆದೆ.