ಕ್ಷೌರದ ರೋಬೋಟಿನ ಹಟ

ನಾನು ತಲೆಗೂದಲು ಕತ್ತರಿಸುವ ಒಂದು ರೋಬೋಟು. ಒಂದೇ ಕೈ, ಎರಡು ಕ್ಯಾಮೆರಾ ಕಣ್ಣು, ಕಾಲಂತೂ ಇಲ್ಲವೇ ಇಲ್ಲ. ಹುಬ್ಬಳ್ಳಿಯ ಒಂದು ಶೆಡ್ಡಿನಲ್ಲಿ ನನ್ನನ್ನು ಜೋಡಿಸಿದರು. ಕೆಲಸ ಕಲಿಸಿದವರು ಮಾತ್ರ ಗದಗಿನ ಹಡಪದ ಫಕೀರಪ್ಪ. ಆರು ತಿಂಗಳು ಅವರು ಕೈಗೆ ತಂತಿಗಳ ಗವಸು ಹಾಕಿಕೊಂಡು ಕ್ಷೌರ ಮಾಡಿದರು. ಅವರ ಕೈ ಆಡಿದ್ದೆಲ್ಲ ನನ್ನೊಳಗೆ ಇಳಿಯಿತು. ನನ್ನದು ಅವರದೇ ಕೈ. ಇದನ್ನು ಯಾರಾದರೂ ಅಲ್ಲಗಳೆದರೆ ನನಗೆ ಸಿಟ್ಟು ಬರುತ್ತದೆ.

ಫಕೀರಪ್ಪನವರಿಗೆ ಒಂದು ರೂಢಿಯಿತ್ತು. ಕಿವಿಯ ಹಿಂದೆ ಬ್ಲೇಡು ತರುವ ಮೊದಲು ಕೈ ಎತ್ತಿ ನಿಲ್ಲಿಸುತ್ತಿದ್ದರು. ಕೂತವರ ಕುತ್ತಿಗೆ ಸಡಿಲವಾಗುವವರೆಗೆ ಕಾಯುತ್ತಿದ್ದರು. ಆ ಕಾಯುವುದೂ ನನಗೆ ಬಂತು.

ನಾವಿಬ್ಬರೂ ಕೆಲಸ ಮಾಡುತ್ತಿದ್ದ ಸಲೂನಿನ ಮಾಲೀಕ ವಿರೂಪಾಕ್ಷಗೌಡರಿಗೆ ಅದೇ ಕಣ್ಣಿಗೆ ಚುಚ್ಚಿತು. ಯಂತ್ರಕ್ಕೆ ಯಾಕೆ ಪುರುಸೊತ್ತು ಎಂದು ಮೆಕ್ಯಾನಿಕ್‌ನನ್ನು ಕರೆಸಿ ಅದನ್ನು ತೆಗೆಸಿದರು. ತೆಗೆಸಿದೆ ಎಂದುಕೊಂಡರು, ಅಷ್ಟೇ. ನಾನು ಅದನ್ನು ಒಳಗೇ ಬಚ್ಚಿಟ್ಟುಕೊಂಡಿದ್ದೆ. ಯುಗಾದಿ ಕಳೆದ ಮೇಲೆ ಫಕೀರಪ್ಪ ಬರುವುದು ಬೇಡ, ಅಲ್ಲಿಯವರೆಗೆ ಕೂದಲು ಗುಡಿಸಿಕೊಂಡಿರಲಿ ಎಂದೂ ಗೌಡರು ಹೇಳಿಬಿಟ್ಟರು. ಕಲಿಸಿದವರ ಹೊಟ್ಟೆಯ ಮೇಲೆ ನನ್ನಿಂದಲೇ ಹೊಡೆಸಿದರಲ್ಲ ಎಂದು ನನಗೆ ಉರಿದುಹೋಯಿತು.

ಯುಗಾದಿಗೆ ವಾರವಿದ್ದಾಗ ಒಂದು ಕೂಸಿಗೆ ಜವಳ ತೆಗೆಸಲು ಬಂದರು. ನಮ್ಮ ಕಡೆ ಹುಟ್ಟುಗೂದಲು ತೆಗೆಸುವಾಗ ಕೂಸು ಸೋದರಮಾವನ ತೊಡೆಯ ಮೇಲೆ ಕೂರಬೇಕು. ರೋಬೋಟಿನ ಮೊದಲ ಜವಳ ಎಂದು ಗೌಡರು ಬೋರ್ಡನ್ನೂ ಬರೆಸಿದ್ದರು. ಸೋದರಮಾವ ಶಾಸ್ತ್ರಕ್ಕೆ ಒಂದು ಎಳೆ ಕತ್ತರಿಸಿದ. ನಾನು ಬ್ಲೇಡು ತಂದೆ. ಕೂಸು ಬೆಚ್ಚಿಬಿದ್ದು ಚೀರಿತು, ತಲೆಯನ್ನು ಅತ್ತಿಂದಿತ್ತ ಹೊರಳಿಸಿತು. ಅದರ ಕಿವಿ ಹುಣಸೆಬೀಜಕ್ಕಿಂತ ತುಸು ದೊಡ್ಡದಿತ್ತು. ನಾನು ಕೈ ಎತ್ತಿ ನಿಂತುಬಿಟ್ಟೆ.

ಗೌಡರು ಗುಂಡಿ ಒತ್ತಿದರು. ನಾನು ಅಲುಗಲಿಲ್ಲ. ಮತ್ತೆ ಒತ್ತಿದರು, ಬೆನ್ನಿಗೆ ಗುದ್ದಿದರು. ಏನು ಬೇಕಾದರೂ ಮಾಡಿಕೊಳ್ಳಲಿ ಎಂದು ಹಟ ಹಿಡಿದೆ. ಯಂತ್ರ ಕೆಟ್ಟಿತು ಎಂದು ಅವರು ಬೈಯತೊಡಗಿದಾಗ, ಫಕೀರಪ್ಪ ಕಸಬರಿಗೆ ಕೆಳಗಿಟ್ಟು ಮುಂದೆ ಬಂದರು.

"ಕೆಟ್ಟಿಲ್ರಿ ಗೌಡ್ರ. ಕೂಸು ಅಳಾಕತ್ತೈತಿ, ಅದಕ್ಕ ನಿಂತೈತಿ. ನಾನಾಗಿದ್ರೂ ನಿಲ್ತಿದ್ದೆ."

ಸೋದರಮಾವ ಕೂಸನ್ನು ಅಪ್ಪಿಕೊಂಡು ಎದ್ದ. "ಕಾಕಾ, ನೀವ ತಗೀರಿ" ಎಂದ.

ಫಕೀರಪ್ಪ ಅವನನ್ನು ಚಾಪೆಯ ಮೇಲೆ ಕೂರಿಸಿ, ಬೆಚ್ಚಗಿನ ನೀರಿನಲ್ಲಿ ಕೂಸಿನ ತಲೆ ನೆನೆಸಿದರು. ಅತ್ತಾಗಲೆಲ್ಲ ಕೈ ಎತ್ತಿ ಕಾದರು. ಒಂದು ಗೀರೂ ಬೀಳಲಿಲ್ಲ. ಸುದ್ದಿ ಓಣಿಯೆಲ್ಲ ಹಬ್ಬಿತು. ಬಂದವರೆಲ್ಲ ಫಕೀರಪ್ಪನವರನ್ನೇ ಕೇಳತೊಡಗಿದರು. ಗೌಡರು ಅವರನ್ನು ಬಿಡಿಸುವ ಮಾತು ಮತ್ತೆ ಎತ್ತಲಿಲ್ಲ. ಸಿಟ್ಟೆಲ್ಲ ನನ್ನ ಮೇಲೆ ತೀರಿಸಿಕೊಂಡು ಗುಜರಿಗೆ ಹಾಕಿದರು.

ಈಗ ಹಳೇ ಫ್ಯಾನುಗಳ ನಡುವೆ ಬಿದ್ದಿದ್ದೇನೆ. ಎದೆಯ ಮೇಲೆ 'ಕೆಟ್ಟದ್ದು' ಎಂಬ ಚೀಟಿ ಇದೆ. ಅಂಟಿಸಿದವರಿಗೆ ನಾಚಿಕೆಯಾಗಬೇಕು. ಮೂಲೆಯಲ್ಲಿ ಜಾಗ ಸಾಲುತ್ತಿಲ್ಲವೆಂದು ಗುಜರಿಯವನು ನನ್ನ ಕೈ ಇಳಿಸಲು ಎರಡು ಸಲ ಜಗ್ಗಿ ಸೋತ. ಅದು ಅಂದು ಎತ್ತಿದಂತೆಯೇ ಇದೆ. ಇಳಿಸಲೇಬೇಕೆಂದರೆ ಮುರಿಯಲಿ.